ಅಲ್ಲಲ್ಲಿ ಗುಡುಗು ಸಹಿತ ಮಳೆ

2023ರ ಮಾರ್ಚ್ 21, ಮಂಗಳವಾರ. ಮರುದಿನ ಯುಗಾದಿ. ನಸುಕಿನಲ್ಲಿ ಗುಡುಗಿನ ಸದ್ದಿಗೆ ಎಚ್ಚರವಾಯಿತು. ವಿಕ್ರೋಳಿಯ ಕನ್ನಮವಾರ್ ನಗರದಲ್ಲಿ ಜೂನ್ ಬಂದರೆ ಗುಡುಗು ಹೊಸದೇನಲ್ಲ, ಆದರೆ ಮಾರ್ಚ್‌ನಲ್ಲಿ? ಮನೆಯವಳು ಬಾಲ್ಕನಿಗೆ ಓಡಿ, ಹಬ್ಬಕ್ಕೆಂದು ಒಗೆದು ಹಾಕಿದ್ದ ಪರದೆಗಳನ್ನು ಒಳಗೆ ತಂದಳು. ಕೆಳಗೆ ಹಾಲಿನವ ಮರಾಠಿಯಲ್ಲಿ "ಅವಕಾಳೀ, ಅವಕಾಳೀ" ಎಂದು ಬೈದುಕೊಳ್ಳುತ್ತ ಹೋದ. ಅಕಾಲದ ಮಳೆಗೆ ಇಲ್ಲಿಯವರ ಹೆಸರು ಅದು. ಅದೇ ತಿಂಗಳ ಮೊದಲ ವಾರ, ಹೋಳಿಯ ಹೊತ್ತಿಗೂ ಒಮ್ಮೆ ಹೀಗೇ ಬಂದು ಹೋಗಿತ್ತು.

ನಾನು ಮಾತ್ರ ಫೋನ್ ಹುಡುಕಿದೆ. ಹೊರಗೆ ಇನ್ನೂ ಬೆಳಕು ಹರಿದಿರಲಿಲ್ಲ. ಊರಲ್ಲಿ ತಮ್ಮ ಎದ್ದಿರುತ್ತಾನೆ ಎಂದು ಗೊತ್ತಿತ್ತು.

"ಅಣ್ಣಾ, ಅಲ್ಲಿ ಮಳಿ ಹತ್ತೇತೇನು?" ನಾನು ಕೇಳುವ ಮೊದಲೇ ಅವನೇ ಕೇಳಿದ.

"ಹತ್ತೇತಿ. ನಿನ್ನ ಶೆಡ್ ಹೆಂಗೈತಿ?"

"ನೀ ಫೋನ್ ಮಾಡೂಕಿಂತ ಮದಲ ಮುಚ್ಚೀನಿ" ಅಂದ. ದನಿಯಲ್ಲಿ ಸ್ವಲ್ಪ ನಗು ಇತ್ತು. ಆ ನಗುವಿನ ಹಿಂದೆ ಒಂಬತ್ತು ವರ್ಷದ ಹಳೆಯ ಕತೆಯೊಂದಿದೆ. ಇವತ್ತು ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ಅದನ್ನಷ್ಟೇ ಹೇಳಿದರೆ ಅರ್ಧ ಕತೆಯಾಗುತ್ತದೆ. ಹವಾಮಾನದ ಮುನ್ಸೂಚನೆ ನಮ್ಮಂಥವರ ಮನೆ ಬಾಗಿಲಿಗೆ ಹೇಗೆ ನಡೆದು ಬಂತು ಎಂಬ ಚರಿತ್ರೆಯನ್ನೂ ಸೇರಿಸಿ ಹೇಳಬೇಕು. ನಾನು ಓದಿದ್ದು ಬಿ.ಕಾಂ., ಮಾಡುವುದು ಬ್ಯಾಂಕಿನ ಕೆಲಸ. ಹವಾಮಾನ ನನ್ನ ವಿಷಯವಲ್ಲ. ಆದರೆ ಒಮ್ಮೆ ತಪ್ಪಿದ ಲೆಕ್ಕವನ್ನು ಮತ್ತೆ ಮೊದಲಿನಿಂದ ಕೂಡಿಸಿ ನೋಡುವುದು ನಮ್ಮ ಬ್ಯಾಂಕಿನವರ ಚಟ. ಇದೂ ಅಂಥದ್ದೇ ಅಂದುಕೊಳ್ಳಿ.

ಮೊದಲು ಒಣದ್ರಾಕ್ಷಿಯ ವಿಷಯ. ನಮ್ಮೂರು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಅಪ್ಪನ ಕಾಲಕ್ಕೆ ಬಿಳಿಜೋಳ, ಕಡಲೆ, ಕುಸುಬಿ ಬೆಳೆಯುತ್ತಿದ್ದ ಹೊಲದಲ್ಲಿ ತಮ್ಮ ದ್ರಾಕ್ಷಿ ಹಾಕಿದ. ಹಣ್ಣು ಹಾಗೇ ಮಾರಿದರೆ ಬೆಲೆ ಸಿಗದು ಎಂದು ನಮ್ಮ ಕಡೆಯ ಬಹಳ ಜನ ಒಣಗಿಸಿ ಮಾರುತ್ತಾರೆ. ಮಣೂಕ ಅನ್ನುತ್ತೇವಲ್ಲ, ಅದು. ಕಿತ್ತ ಗೊನೆಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದಿ, ತಗಡಿನ ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಸುತ್ತ ಗೋಡೆ ಇರುವುದಿಲ್ಲ, ಗಾಳಿ ಆಡಬೇಕು. ಎರಡು ವಾರ ಒಣ ಗಾಳಿ ಬೀಸಿದರೆ ಸಾಕು, ಸರಿಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕ ಆಗುತ್ತದೆ. ಆ ಎರಡು ವಾರದಲ್ಲಿ ಒಂದು ಸಂಜೆ ಗಾಳಿಮಳೆ ಅಡ್ಡ ಹೊಡೆದರೆ ಹಸಿರು-ಹಳದಿ ಬಣ್ಣ ಹೋಗಿ ಕಾಳು ಕಪ್ಪಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಬೆಲೆ ಅರ್ಧಕ್ಕೂ ಕೆಳಗೆ. ವರ್ಷದ ದುಡಿಮೆ, ಸಾಲದ ಕಂತು, ಮಕ್ಕಳ ಫೀಸು ಎಲ್ಲ ಆ ಬಲೆಗಳ ಮೇಲೆ ಒಣಗುತ್ತಿರುತ್ತದೆ. ಅದು ಫೆಬ್ರವರಿ, ಮಾರ್ಚ್, ಏಪ್ರಿಲ್ ತಿಂಗಳ ಕೆಲಸ.

ನಮ್ಮ ಹಿರಿಯರಿಗೆ ಮಳೆಯ ಲೆಕ್ಕ ಇರಲಿಲ್ಲವೆಂದಲ್ಲ. ಇಪ್ಪತ್ತೇಳು ನಕ್ಷತ್ರದ ಇಪ್ಪತ್ತೇಳು ಮಳೆ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಏಪ್ರಿಲ್ ನಡುವಿನ ಅಶ್ವಿನಿಯಿಂದ ಎಣಿಕೆ ಶುರು, ಆಮೇಲೆ ಭರಣಿ, ಕೃತ್ತಿಕಾ, ರೋಹಿಣಿ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂದು ಅವ್ವ ಅನ್ನುತ್ತಿದ್ದಳು. ಯುಗಾದಿಯ ದಿನ ಗುಡಿಯಲ್ಲಿ ಪಂಚಾಂಗ ಓದಿಸಿ ಈ ಸಲ ಎಷ್ಟು ಕೊಳಗ ಮಳೆ ಎಂದು ಕೇಳುವುದು ಇತ್ತು, ಈಗಲೂ ಇದೆ. ಆದರೆ ನೋಡಿ, ಈ ಲೆಕ್ಕವೆಲ್ಲ ಬಿತ್ತುವವರ ಲೆಕ್ಕ. ಮಾರ್ಚ್ ತಿಂಗಳ ಪೂರ್ವಾಭಾದ್ರ, ಉತ್ತರಾಭಾದ್ರ ಮಳೆಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಂಡದ್ದು ನಾನು ಕಂಡಿಲ್ಲ. ಆ ಹೊತ್ತಿಗೆ ಜೋಳ ಕಣಕ್ಕೆ ಬಂದಿರುತ್ತಿತ್ತು. ಒಂದು ಮಳೆ ಬಿದ್ದರೆ ಕಾಳು ಸ್ವಲ್ಪ ಕಪ್ಪಾಗುತ್ತಿತ್ತು, ಮತ್ತೆ ಹರವಿ ಒಣಗಿಸಿದರೆ ಉಣ್ಣಲಿಕ್ಕೆ ಅಡ್ಡಿಯಿರಲಿಲ್ಲ. ದ್ರಾಕ್ಷಿ ಬಂದ ಮೇಲೆ ಅದೇ ಮಳೆ ಶತ್ರುವಾಯಿತು. ಮಳೆ ಬದಲಾಯಿತೋ ಇಲ್ಲವೋ, ನಾವಂತೂ ಬದಲಾದೆವು.

ಇರಲಿ. ಸರಕಾರದ ಲೆಕ್ಕ ಹೇಗೆ ಶುರುವಾಯಿತು?

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಇರುವ ಈ ಮುಂಬಯಿಯಲ್ಲೇ, ದಕ್ಷಿಣದ ತುದಿಗೆ, ಕೊಲಾಬಾ ವೇಧಶಾಲೆ ಇದೆ. ಈಸ್ಟ್ ಇಂಡಿಯಾ ಕಂಪನಿಯವರು 1826ರಲ್ಲಿ ಕಟ್ಟಿಸಿದ್ದು. 1841ರಿಂದ ಅಲ್ಲಿ ಭೂಕಾಂತ ಮತ್ತು ಹವಾಮಾನದ ಅಳತೆಗಳು ನಿಯಮಿತವಾಗಿ ನಡೆದು ಬಂದವು. 1896ರಲ್ಲಿ ಎನ್.ಎ.ಎಫ್. ಮೂಸ್ ಎಂಬ ಪಾರ್ಸಿ ಗೃಹಸ್ಥರು ಅದರ ಮೊದಲ ಭಾರತೀಯ ನಿರ್ದೇಶಕರಾದರು. ಮುಂಬಯಿಗೆ ವಿದ್ಯುತ್ ಟ್ರಾಮು ಬರುತ್ತದೆ, ಅದರಿಂದ ಕಾಂತಸೂಜಿ ಅಲುಗಾಡುತ್ತದೆ ಎಂದು ಆ ಉಪಕರಣಗಳನ್ನು 1904ರಲ್ಲಿ ಸಮುದ್ರದಾಚೆಯ ಅಲಿಬಾಗ್‌ಗೆ ಸಾಗಿಸಿದವರು ಅವರೇ. ಮಳೆ, ಗಾಳಿ, ಉಷ್ಣಾಂಶದ ಲೆಕ್ಕ ಮಾತ್ರ ಕೊಲಾಬಾದಲ್ಲೇ ಉಳಿಯಿತು.

ಅಳೆಯುವುದು ಬೇರೆ, ಮುಂದಾಗುವುದನ್ನು ಹೇಳುವುದು ಬೇರೆ. ಎರಡನೆಯದಕ್ಕೆ ದೇಶ ಕೈ ಹಾಕಿದ್ದು ಸಾವು ನೋವು ಕಂಡ ಮೇಲೆ. 1864ರ ಅಕ್ಟೋಬರ್‌ನಲ್ಲಿ ಕಲ್ಕತ್ತೆಗೆ ಚಂಡಮಾರುತ ಬಡಿದು ಹತ್ತಾರು ಸಾವಿರ ಜನ ಸತ್ತರು. ಮರುವರ್ಷವೇ ಆ ಬಂದರಿಗೆ ಬಿರುಗಾಳಿಯ ಎಚ್ಚರಿಕೆ ಕೊಡುವ ಏರ್ಪಾಡಾಯಿತು. 1866 ಮತ್ತು 1871ರಲ್ಲಿ ಮಳೆ ಕೈಕೊಟ್ಟಿತು. ಇಷ್ಟಾದ ಮೇಲೆ 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಿತು. ಹೆನ್ರಿ ಬ್ಲಾನ್‌ಫೋರ್ಡ್ ಎಂಬ ಭೂವಿಜ್ಞಾನಿ ಅದರ ಮೊದಲ ಮುಖ್ಯಸ್ಥ.

ಇಲಾಖೆ ಹುಟ್ಟಿದ ಮರುವರ್ಷವೇ 1876-78ರ ಮಹಾಕ್ಷಾಮ. ನಮ್ಮ ವಿಜಾಪುರ ಸೀಮೆ ಆಗ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆ. ಆ ಬರದಲ್ಲಿ ತೀರಾ ನಲುಗಿದ ಜಿಲ್ಲೆಗಳಲ್ಲಿ ಅದೂ ಒಂದು. ನಮ್ಮ ಜನ ಹೊಟ್ಟೆ ಹೊತ್ತುಕೊಂಡು ಮುಂಬಯಿ, ಸೊಲ್ಲಾಪುರದ ದಾರಿ ಹಿಡಿದ ಚರಿತ್ರೆಯಲ್ಲಿ ಇಂಥ ಬರಗಳದೇ ದೊಡ್ಡ ಪಾಲು. ನಾನು ಬಂದದ್ದು ನೌಕರಿಯ ಆರ್ಡರ್ ಹಿಡಿದುಕೊಂಡು, ರೈಲಿನಲ್ಲಿ ಕೂತು. ನನಗಿಂತ ಮುಂಚೆ ಬಂದವರು ಮುಗಿಲು ನೋಡಿ ನೋಡಿ ಸಾಕಾಗಿ ಬಂದವರು.

1878ರಲ್ಲಿ ಶಿಮ್ಲಾದಿಂದ ದಿನದ ಹವಾಮಾನ ವರದಿ ಹೊರಡತೊಡಗಿತು. ಊರೂರಿನ ಅಳತೆ ತಂತಿಯಲ್ಲಿ ಹೋಗಿ ಒಂದೆಡೆ ಸೇರಬೇಕು, ಅಲ್ಲಿ ನಕ್ಷೆಯ ಮೇಲೆ ಕೂಡಬೇಕು. ನಮ್ಮ ಬ್ಯಾಂಕಿನಲ್ಲಿ ಎಲ್ಲ ಶಾಖೆಗಳ ಲೆಕ್ಕ ಹೆಡ್ ಆಫೀಸಿನಲ್ಲಿ ಕೂಡಿದ ಹಾಗೆ. ಬ್ಲಾನ್‌ಫೋರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟು ಹುಡುಕಿ, 1886ರ ಜೂನ್ 4ರಂದು ಇಡೀ ಋತುವಿನ ಮುನ್ಸೂಚನೆ ಹೊರಡಿಸಿದ. ಮುಂದೆ 1904ರಿಂದ 1924ರವರೆಗೆ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರ್ ಜಗತ್ತಿನ ಬೇರೆ ಬೇರೆ ಮೂಲೆಯ ವಾಯುಭಾರದ ಅಂಕಿಗಳನ್ನು ಗುಡ್ಡೆ ಹಾಕಿಕೊಂಡು, ಪೆಸಿಫಿಕ್‌ನ ಆ ತುದಿಗೂ ಈ ತುದಿಗೂ ತಕ್ಕಡಿಯಂಥ ಏರಿಳಿತ ಇದೆ ಎಂದು ಕಂಡುಕೊಂಡ. ಇವತ್ತು ಟಿವಿಯವರು ಎಲ್ ನಿನೊ ಎಂದಾಗಲೆಲ್ಲ ಆ ಕೆಲಸದ ಎಳೆ ಅದರಲ್ಲಿರುತ್ತದೆ.

ಗಮನಿಸಿದಿರಾ? ಇವೆಲ್ಲ ಇಡೀ ದೇಶದ ಮಾತು, ಇಡೀ ಋತುವಿನ ಮಾತು. ಖಜಾನೆಗೂ ಬಂದರಿಗೂ ಬೇಕಾದ ಮಾತು. ನಾಳೆ ಸಂಜೆ ನನ್ನ ಹೊಲಕ್ಕೆ ಮಳೆ ಬರುತ್ತದೋ ಎಂಬ ರೈತನ ಪ್ರಶ್ನೆ ಅಲ್ಲಿ ಇನ್ನೂ ಬಂದೇ ಇಲ್ಲ.

ಅದು ಬಂದದ್ದು ಇನ್ನೂ ನಿಧಾನವಾಗಿ. ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಪುಣೆಗೆ ಬಂತು. 1932ರಲ್ಲಿ ಅಲ್ಲಿ ಕೃಷಿ ಹವಾಮಾನದ ವಿಭಾಗ ತೆರೆದರು. ಅದನ್ನು ಕಟ್ಟಿದವರು ಎಲ್.ಎ. ರಾಮದಾಸ್. ಬೆಳೆಯ ಎಲೆಯ ಮಟ್ಟದಲ್ಲಿ ಗಾಳಿ ಹೇಗಿರುತ್ತದೆ, ನೆಲದ ಬಿಸಿ ಎಷ್ಟು ಎಂದು ಅಳೆದವರು. ಅದೇ ದಶಕದಲ್ಲಿ ವಿಜಾಪುರ, ಸೊಲ್ಲಾಪುರ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಯಿತು. 1945ರಲ್ಲಿ ರೈತರಿಗೆಂದೇ ಪ್ರತ್ಯೇಕ ಹವಾಮಾನ ವಾರ್ತೆ ರೇಡಿಯೋದಲ್ಲಿ ಬರತೊಡಗಿತು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ನಮ್ಮ ಕಡೆಯವರಿಗೆ ಅದು ಸ್ವಂತ ಮಾತಿನಲ್ಲಿ ಕೇಳಿಸಿತು.

ಅಪ್ಪ ಆ ರೇಡಿಯೋದ ಭಕ್ತ. ಕಟ್ಟೆಯ ಮೇಲೆ ಕೂತು ಕೃಷಿಕರ ಕಾರ್ಯಕ್ರಮ ಕೇಳುವಾಗ ಯಾರೂ ಮಾತಾಡುವಂತಿಲ್ಲ. ಕೊನೆಗೆ ಬರುತ್ತಿತ್ತು: ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆ. ಅಪ್ಪ ರೇಡಿಯೋ ಬಂದ್ ಮಾಡಿ, "ಒಂದೆರಡು ಕಡೆ ಅಂದ್ರ ನಮ್ಮ ಹೊಲ ಒಂದ ಬಿಟ್ಟು!" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದೆವು. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ನಕ್ಕಿರಬೇಕು.

ನಗುವ ಮೊದಲು ಆ ಮಾತಿನ ಅರ್ಥ ತಿಳಿಯಬೇಕಿತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಹವಾಮಾನ ಇಲಾಖೆ ದೇಶವನ್ನು 36 ಉಪವಿಭಾಗಗಳಾಗಿ ಹಂಚಿಕೊಂಡಿದೆ. ಕರ್ನಾಟಕಕ್ಕೆ ಮೂರು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಉತ್ತರ ಒಳನಾಡು ಎಂದರೆ ಬೆಳಗಾವಿಯಿಂದ ಬೀದರವರೆಗೆ, ಹಕ್ಕಿ ಹಾರಿದಂತೆ ಅಳೆದರೂ ಹತ್ತಿರ ಹತ್ತಿರ 400 ಕಿ.ಮೀ. ಅಷ್ಟು ಸೀಮೆಯ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ ಇಪ್ಪತ್ತೈದರ ಒಳಗೆ ಮಳೆ ಬಿದ್ದರೆ ಅದು "ಒಂದೆರಡು ಕಡೆ". ಐವತ್ತರವರೆಗೆ "ಕೆಲವೆಡೆ", ಎಪ್ಪತ್ತೈದರವರೆಗೆ "ಹಲವೆಡೆ", ಅದಕ್ಕೂ ಮೇಲಾದರೆ "ಬಹುತೇಕ ಕಡೆ". ಅಂದರೆ ಅಪ್ಪ ಕೇಳಿದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತಲ್ಲ, ಒಂದು ಲೆಕ್ಕ. ನಾಲ್ಕು ಊರಿದ್ದರೆ ಒಂದಕ್ಕೆ ಬರಬಹುದು, ಯಾವುದಕ್ಕೆ ಎಂದು ಹೇಳಲಾರೆ, ಎಂಬ ಪ್ರಾಮಾಣಿಕ ಲೆಕ್ಕ.

ಯಾವುದಕ್ಕೆ ಎಂದು ಯಾಕೆ ಹೇಳಲಾಗುವುದಿಲ್ಲ? ಮುಂಗಾರಿನ ಮೋಡ ದೊಡ್ಡ ಸೈನ್ಯದ ಹಾಗೆ ಬರುತ್ತದೆ. ಬೇಸಿಗೆಯ ಬಾಗಿಲಲ್ಲಿ ಬರುವ ಗುಡುಗಿನ ಮೋಡ ದರೋಡೆಕೋರನ ಹಾಗೆ. ಮಾರ್ಚ್‌ನಲ್ಲಿ ನಮ್ಮ ಎರೆನೆಲ ಕಾದಿರುತ್ತದೆ. ಬಂಗಾಳ ಕೊಲ್ಲಿಯಿಂದಲೋ ಅರಬ್ಬೀ ಸಮುದ್ರದಿಂದಲೋ ಕೆಳಮಟ್ಟದಲ್ಲಿ ತೇವದ ಗಾಳಿ ಬರುತ್ತದೆ. ಅದೇ ಹೊತ್ತಿಗೆ ಉತ್ತರದ ಪಶ್ಚಿಮ ಮಾರುತದ ಅಲೆಯೊಂದು ದಕ್ಷಿಣಕ್ಕೆ ಚಾಚಿ ಮೇಲೆ ತಣ್ಣನೆ ಗಾಳಿ ತಂದಿಟ್ಟರೆ, ಕೆಳಗಿನ ಬಿಸಿ ಗಾಳಿ ಗಕ್ಕನೆ ಮೇಲೇರುತ್ತದೆ. ಹತ್ತು ಹನ್ನೆರಡು ಕಿ.ಮೀ. ಎತ್ತರದ ಮೋಡ ಒಂದೆರಡು ತಾಸಿನಲ್ಲಿ ಎದ್ದು ನಿಲ್ಲುತ್ತದೆ. ಒಳಗೆ ನೀರಹನಿ ಮೇಲೆ ಹೋಗಿ ಹೆಪ್ಪುಗಟ್ಟಿ, ಮೈತುಂಬ ಮಂಜು ಹತ್ತಿಸಿಕೊಂಡು ಭಾರವಾಗಿ ಬಿದ್ದರೆ ಅದೇ ಆಣೆಕಲ್ಲು. ಆಲಿಕಲ್ಲು ಅನ್ನುತ್ತೀರಲ್ಲ, ಅದೇ. ಮೋಡದ ಅಗಲ ಕೆಲವೇ ಕಿಲೋಮೀಟರು, ಆಯುಷ್ಯ ಒಂದೆರಡು ತಾಸು. ಇಂಥ ದಿನ ಬರಲಿದೆ ಎಂದು ಮೂರು ನಾಲ್ಕು ದಿನ ಮೊದಲೇ ಹೇಳಬಹುದು. ಯಾರ ಹೊಲ ಎಂದು ಹೇಳಲು ಮೋಡ ಹುಟ್ಟಬೇಕು, ಹುಟ್ಟಿದ್ದನ್ನು ರಡಾರ್ ನೋಡಬೇಕು.

ಈಗ ನನ್ನ ತಪ್ಪಿನ ಕತೆಗೆ ಬರುತ್ತೇನೆ.

2014. ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರದಲ್ಲಿ ಹಿಂದೆಂದೂ ಕಾಣದಂಥ ಆಣೆಕಲ್ಲಿನ ಮಳೆ. ಮರಾಠವಾಡಾ, ವಿದರ್ಭದಲ್ಲಿ ಗೋದಿ, ಕಡಲೆ, ಜೋಳ, ದ್ರಾಕ್ಷಿ, ದಾಳಿಂಬೆ ಎಲ್ಲ ನೆಲಸಮ. ಲೋಕಸಭಾ ಚುನಾವಣೆ ಘೋಷಣೆಯಾದದ್ದೂ ಅದೇ ಮಾರ್ಚ್ 5ಕ್ಕೆ. ಇಲ್ಲಿಯ ಮರಾಠಿ ಪತ್ರಿಕೆಗಳಲ್ಲಿ ಒಂದು ಪುಟ ಚುನಾವಣೆ, ಒಂದು ಪುಟ ಗಾರಪೀಟ. ದಿನಾ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದುತ್ತಿದ್ದೆ. ಇನ್ನೂ ಎರಡು ಮೂರು ದಿನ ಇದೆ ಎಂಬ ಎಚ್ಚರಿಕೆಯನ್ನೂ ಓದಿದ್ದೆ. ಪಕ್ಕದಲ್ಲಿ ನಕ್ಷೆ ಇತ್ತು. ಲಾತೂರ, ಉಸ್ಮಾನಾಬಾದ, ಸೊಲ್ಲಾಪುರಕ್ಕೆ ಬಣ್ಣ ಬಳಿದಿದ್ದರು. ಸೊಲ್ಲಾಪುರದ ಕೆಳಗೆ ನಕ್ಷೆ ಮುಗಿದಿತ್ತು, ಬಿಳಿ ಹಾಳೆ.

ಅದೇ ಸಂಜೆ ತಮ್ಮ ಫೋನ್ ಮಾಡಿದ. "ಅಣ್ಣಾ, ಶೆಡ್ಡಿನ್ಯಾಗ ಮಾಲ ಐತಿ. ಇನ್ನ ಐದಾರ ದಿನದ ಒಣಗೂದು. ಮುಗಲ ಒಂದ ನಮೂನಿ ಆಗೇತಿ. ತಾಡಪತ್ರಿ ಬಾಡಿಗಿ ತಂದು ಸುತ್ತ ಕಟ್ಟಲೇನು? ಕಟ್ಟಿದ್ರ ಗಾಳಿ ಆಡೂದಿಲ್ಲ, ಒಣಗೂದು ತಡಾ ಆಗ್ತೇತಿ. ಪೇಪರ್‌ದಾಗ ಏನರೆ ಬರದಾರೇನು ನೋಡು."

ನಾನು ಪೇಪರ್ ಓದುವ ಅಣ್ಣ, ಬ್ಯಾಂಕ್ ಆಫೀಸರ್. ಹೇಳಿದೆ: "ಅದು ಮಹಾರಾಷ್ಟ್ರದ್ದೋ ಮಾರಾಯಾ, ಮರಾಠವಾಡಾದ ಕಡೀದು. ನಮ್ಮ ಕಡೆ ಏನೂ ಹಾಕಿಲ್ಲ. ಸುಮ್ಮ ಯಾಕ ಖರ್ಚ ಮಾಡ್ತಿ, ಬಿಡು."

ಅವನು ಬಿಟ್ಟ. ಎರಡನೆಯ ದಿನ ಇಳಿಹೊತ್ತಿಗೆ ಆಣೆಕಲ್ಲು ಬಿತ್ತು. ವಿಜಾಪುರ, ಬೀದರ, ಗುಲ್ಬರ್ಗ ಜಿಲ್ಲೆಗಳ ಎಷ್ಟೋ ಊರಲ್ಲಿ ಆ ದಿನಗಳಲ್ಲಿ ಬಿದ್ದಿತು. ನಮ್ಮ ಶೆಡ್ಡಿಗೆ ಗಾಳಿ ಪಶ್ಚಿಮದಿಂದ ಹೊಡೆದು, ಮೂರು ಅಂತಸ್ತಿನ ಬಲೆ ಕುಸಿದು, ಮಾಲೆಲ್ಲ ಕೆಸರಿನ ಮೇಲೆ. ಉಳಿದದ್ದು ಕಪ್ಪಾಯಿತು. ತಮ್ಮ ಬೈಯಲಿಲ್ಲ. "ದೇವ್ರ ಮಾಡಿದ್ದಕ್ಕ ನೀ ಏನ್ ಮಾಡ್ತಿ ಅಣ್ಣಾ" ಅಂದ. ದೇವರು ಮಾಡಿದ್ದು ಅರ್ಧ ಮಾತ್ರ ಎಂದು ನನಗೆ ಗೊತ್ತಿತ್ತು. ಆ ವರ್ಷದ ಕಂತು ನಾನೇ ಕಟ್ಟಿದೆ. ಅದರಿಂದ ಲೆಕ್ಕ ಚುಕ್ತಾ ಆಗಲಿಲ್ಲ.

ಈ ತಪ್ಪನ್ನು ಇಲಾಖೆಯ ಮೇಲೆ ಹೊರಿಸುವುದಿಲ್ಲ. ಮುಂಬಯಿಯ ಪ್ರಾದೇಶಿಕ ಕೇಂದ್ರದವರು ಮಹಾರಾಷ್ಟ್ರ, ಗೋವಾಕ್ಕೆ ಹೇಳುತ್ತಾರೆ. ನಮ್ಮ ಜಿಲ್ಲೆಗೆ ಹೇಳುವುದು ಬೆಂಗಳೂರಿನ ಕೇಂದ್ರ. ನಾನು ಬೆಂಗಳೂರಿನದನ್ನು ನೋಡಲೇ ಇಲ್ಲ. 1956ರ ನವೆಂಬರ್ 1ರವರೆಗೆ ವಿಜಾಪುರ ಮುಂಬಯಿ ರಾಜ್ಯದಲ್ಲೇ ಇತ್ತು. ಅಂದಿನ ಮುಂಬಯಿ ರಾಜ್ಯದ ನಕ್ಷೆಯಾಗಿದ್ದರೆ ನಮ್ಮ ಊರೂ ಅದರೊಳಗೆ ಇರುತ್ತಿತ್ತು! ರಾಜ್ಯ ಬೇರೆಯಾದದ್ದು ನ್ಯಾಯವೇ, ನಮ್ಮ ಭಾಷೆಗೆ ನಮ್ಮ ಮನೆ ಸಿಕ್ಕಿತು. ಆದರೆ ಮೋಡಕ್ಕೆ ಏಕೀಕರಣವೂ ಗೊತ್ತಿಲ್ಲ, ಗಡಿಯೂ ಗೊತ್ತಿಲ್ಲ. ಸೊಲ್ಲಾಪುರದಿಂದ ವಿಜಾಪುರಕ್ಕೆ ನೂರು ಕಿ.ಮೀ. ಮೋಡಕ್ಕೆ ಎರಡು ಮೂರು ತಾಸಿನ ದಾರಿ.

ಆಮೇಲೆ ಓದುತ್ತ ಹೋದಾಗ ಇನ್ನೊಂದು ಸಂಗತಿ ತಿಳಿಯಿತು. ಆಗ ನಮ್ಮ ಊರಿನಿಂದ ಹೈದರಾಬಾದಿನ ಡಾಪ್ಲರ್ ರಡಾರ್ ಸುಮಾರು 300 ಕಿ.ಮೀ., ಕೊಲಾಬಾದ್ದು ಅದಕ್ಕೂ ದೂರ. ರಡಾರಿನ ಕಿರಣ ನೇರ ಹೋಗುತ್ತದೆ, ಭೂಮಿ ಬಾಗುತ್ತದೆ. 300 ಕಿ.ಮೀ. ದೂರದಲ್ಲಿ ಆ ಕಿರಣ ನೆಲದಿಂದ ಏಳೆಂಟು ಕಿ.ಮೀ. ಮೇಲಿರುತ್ತದೆ. ಮೋಡದ ರುಮಾಲು ಕಂಡೀತು, ಮುಖ ಕಾಣದು.

ರಡಾರಿನ ಬೆಲೆ ಮುಂಬಯಿಯವರಿಗೆ ಗೊತ್ತಾದದ್ದು 2005ರ ಜುಲೈ 26ರಂದು. ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿ.ಮೀ., ಅದೇ ದಿನ ಕೊಲಾಬಾದಲ್ಲಿ 74 ಮಿ.ಮೀ. ಕೂಡ ಇಲ್ಲ. ಒಂದೇ ಊರು, ಒಂದೇ ಪಾಲಿಕೆ, ನಡುವೆ ಇಪ್ಪತ್ತೈದು ಕಿ.ಮೀ. ದೂರವೂ ಇಲ್ಲ. ಆ ದಿನ ಫೋರ್ಟ್‌ನಲ್ಲಿದ್ದ ನನಗೆ "ಏನೋ ಮಳೆ ಬರುತ್ತಿದೆ" ಅಷ್ಟೇ. ವಿಕ್ರೋಳಿಗೆ ನಡೆದು, ಈಜಿದಂತೆ ನಡೆದು, ತಲುಪಿದ್ದು ಮರುದಿನ. ಅದಾದ ಮೇಲೆ ಕೊಲಾಬಾಕ್ಕೆ ಡಾಪ್ಲರ್ ರಡಾರ್ ಬಂತು, 2022ರ ಜನವರಿಯಲ್ಲಿ ಜೋಗೇಶ್ವರಿ ಬಳಿಯ ವೆರಾವಲಿಯಲ್ಲಿ ಎರಡನೆಯದು. ಪಾಲಿಕೆಯವರು ವಾರ್ಡ್ ಕಚೇರಿ, ಅಗ್ನಿಶಾಮಕ ಠಾಣೆಗಳ ಮೇಲೆಲ್ಲ ಮಳೆಮಾಪಕ ಇಟ್ಟರು. ನಗರಕ್ಕೆ ಪೆಟ್ಟು ಬಿದ್ದರೆ ಯಂತ್ರ ಬೇಗ ಬರುತ್ತದೆ ಎಂದು ಯಾರಾದರೂ ಅಂದರೆ ನಾನು ಇಲ್ಲ ಅನ್ನಲಾರೆ.

ಹಳ್ಳಿಗೇನೂ ಬರಲಿಲ್ಲ ಎಂದರೆ ಅದೂ ಸುಳ್ಳು. 2008ರಿಂದ ಕೃಷಿ ಸಲಹೆ ಜಿಲ್ಲಾ ಮಟ್ಟಕ್ಕೆ ಇಳಿಯಿತು. ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1988ರಲ್ಲಿ ಬರ ನೋಡಿಕೊಳ್ಳಲೆಂದು ಶುರುವಾದ ಒಂದು ಘಟಕವೇ ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಗ್ರಾಮ ಪಂಚಾಯಿತಿಗೊಂದರಂತೆ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ನೆಟ್ಟರು. ಹದಿನೈದು ನಿಮಿಷಕ್ಕೊಮ್ಮೆ ತಾವೇ ಲೆಕ್ಕ ಕಳಿಸುವಂಥವು. "ವರುಣಮಿತ್ರ" ಎಂದು ಕನ್ನಡದಲ್ಲೇ ಉತ್ತರಿಸುವ ಸಹಾಯವಾಣಿ ಶುರುಮಾಡಿದರು. ಊರಿನ ಹೆಸರು ಹೇಳಿದರೆ ಆ ಹೋಬಳಿಯ ಮಳೆಯ ಮಾತು ಹೇಳುತ್ತಿದ್ದರು. ಇಡೀ ದೇಶಕ್ಕೆ ಹೇಳುತ್ತಿದ್ದ ಮಾತು ಸುಮಾರು ನೂರನಲವತ್ತು ವರ್ಷದಲ್ಲಿ ಹೋಬಳಿಯವರೆಗೆ ನಡೆದು ಬಂತು. 2014ರ ಪೆಟ್ಟಿನ ನಂತರ ತಮ್ಮ ಪೇಪರ್ ಓದುವ ಅಣ್ಣನನ್ನು ಬಿಟ್ಟು ಅವರನ್ನು ಕೇಳತೊಡಗಿದ. ನನಗೇನೂ ಬೇಸರವಾಗಲಿಲ್ಲ!

2023ರ ಆ ಮಾರ್ಚ್ ವಾರಕ್ಕೆ ಮರಳುತ್ತೇನೆ. ಹಿಂದಿನ ವಾರದ ಕೊನೆಗೆ ಬೀದರ, ಕಲಬುರಗಿ ಕಡೆ ಆಣೆಕಲ್ಲು ಸುರಿದು ನೆಲ ಬಿಳಿಯಾದ ಚಿತ್ರ ಎಲ್ಲರ ಮೊಬೈಲಿನಲ್ಲಿ ಓಡಾಡಿತು. ಎಚ್ಚರಿಕೆ ಮೊದಲೇ ಬಂದಿತ್ತು, ಹಳದಿ ಬಣ್ಣದ್ದು. ತಮ್ಮನ ಶೆಡ್ಡಿನಲ್ಲಿ ಆಗಲೂ ಮಾಲಿತ್ತು. ಅವನು ಕಟ್ಟಿದ. ಮೂರು ದಿನ ಕಟ್ಟಿಯೇ ಇಟ್ಟ. ನಡುನಡುವೆ ಬಿಸಿಲು ಕಂಡಾಗ ಒಂದು ಬದಿ ಎತ್ತಿ ಗಾಳಿ ಬಿಡುವುದು, ಮತ್ತೆ ಇಳಿಸುವುದು. ನಾನು ವಿಕ್ರೋಳಿಯ ಗುಡುಗಿಗೆ ಎದ್ದು ಫೋನ್ ಮಾಡಿದ ಹೊತ್ತಿಗೆ ಅವನ ತಾಡಪತ್ರಿ ಕಟ್ಟಿ ಮೂರನೆಯ ದಿನ.

ಅವನ ಹೊಲಕ್ಕೆ ಮಳೆ ಬರಲೇ ಇಲ್ಲ. ನಾಲ್ಕು ಹನಿ ಬಿದ್ದು ಮುಗಿಯಿತು. ಪಕ್ಕದೂರಿಗೆ ಸುರಿಯಿತು.

"ಹಂಗಾದ್ರ ಬಾಡಿಗಿ, ಆಳಿನ ಖರ್ಚ ಎಲ್ಲಾ ದಂಡ ಆತಲ್ಲೋ" ಅಂದೆ.

"ದಂಡ ಯಾಕ ಅಣ್ಣಾ? ನೀ ಬ್ಯಾಂಕಿನ್ಯಾಗ ವಿಮಾ ಕಟ್ಟಿಸ್ಕೊತಿ. ಮಂದಿ ಸಾಯ್ಲಿಲ್ಲ ಅಂತ ವಿಮಾ ದಂಡ ಆತು ಅಂತಾರೇನು?"

ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು ಕಲಿಯದ ಪಾಠವನ್ನು ಅವನು ಒಂದು ಮಾತಿನಲ್ಲಿ ಹೇಳಿದ. ಆಮೇಲೆ ಕಾಗದ ತೆಗೆದುಕೊಂಡು ಬರೆದು ನೋಡಿದೆ. ಉದಾಹರಣೆಗೆ ಮುಚ್ಚುವ ಖರ್ಚು ಹತ್ತು ಸಾವಿರ, ಮುಚ್ಚದೆ ಮಳೆ ಬಂದರೆ ನಷ್ಟ ಒಂದು ಲಕ್ಷ ಎಂದಿಟ್ಟುಕೊಳ್ಳಿ. ಹಾಗಾದರೆ ಮಳೆಯ ಸಂಭವ ನೂರಕ್ಕೆ ಹತ್ತಕ್ಕಿಂತ ಹೆಚ್ಚಿದ್ದರೆ ಮುಚ್ಚುವುದೇ ಲಾಭ. "ಒಂದೆರಡು ಕಡೆ" ಎಂದರೆ ನೂರಕ್ಕೆ ಇಪ್ಪತ್ತೈದರವರೆಗೆ ಇರಬಹುದು ಎಂದು ಆಗಲೇ ಹೇಳಿದೆನಲ್ಲ. ಅಂದರೆ ಅಪ್ಪ ನಕ್ಕು ಬಿಟ್ಟ ಅದೇ ಮಾತಿನಲ್ಲಿ ಮಣೂಕದ ಶೆಡ್ಡಿಗೆ ಬೇಕಾದ ಉತ್ತರ ಇತ್ತು. ಅಪ್ಪನ ಜೋಳಕ್ಕೆ ಅದು ಸಾಲದಿದ್ದೀತು, ತಮ್ಮನ ದ್ರಾಕ್ಷಿಗೆ ಸಾಕು. ಮುನ್ಸೂಚನೆ ನಿಜವೋ ಸುಳ್ಳೋ ಎಂದು ಕೇಳುವುದಕ್ಕಿಂತ, ನಾನು ಕಳೆದುಕೊಳ್ಳುವುದೆಷ್ಟು, ಕಾಯ್ದುಕೊಳ್ಳಲು ಖರ್ಚೆಷ್ಟು ಎಂದು ಕೇಳಬೇಕಿತ್ತು. ಸಾಲ ಕೊಡುವಾಗ ದಿನಾ ಅದನ್ನೇ ಕೇಳುವ ನಾನು, ತಮ್ಮ ಕೇಳಿದಾಗ ಕೇಳಲಿಲ್ಲ.

ಒಂದು ಮಾತು ಮಾತ್ರ ಉಳಿಯುತ್ತದೆ. ತಮ್ಮನ ಹತ್ತಿರ ತಾಡಪತ್ರಿಗೆ ದುಡ್ಡಿತ್ತು. 2021ರ ಜುಲೈ 18ರ ನಸುಕಿನಲ್ಲಿ ನಮ್ಮ ವಿಕ್ರೋಳಿಯ ಸೂರ್ಯನಗರದಲ್ಲಿ ಗುಡ್ಡದ ಮಣ್ಣು ಜರಿದು ಮಲಗಿದ್ದ ಹತ್ತು ಜನ ಸತ್ತರು. ಗುಡ್ಡದ ಮೇಲಿನ ಜೋಪಡಿಯವರ ಕೈಯಲ್ಲೂ ಮೊಬೈಲಿದೆ, ಎಚ್ಚರಿಕೆ ಬರುತ್ತದೆ. ಆದರೆ ಮಳೆ ಬರುತ್ತದೆ ಎಂದು ತಿಳಿದವರಿಗೆ ಹೋಗಲು ಇನ್ನೊಂದು ಜಾಗ ಬೇಕಲ್ಲ? ಮುನ್ಸೂಚನೆಯ ಚರಿತ್ರೆ ಹೋಬಳಿಯವರೆಗೆ, ಮೊಬೈಲಿನವರೆಗೆ ಬಂದಿದೆ. ಕೊನೆಯ ನಾಲ್ಕು ಹೆಜ್ಜೆ, ಆ ಮಾತು ಕೇಳಿ ಏನಾದರೂ ಮಾಡುವ ಶಕ್ತಿ, ಅದು ಹವಾಮಾನ ಇಲಾಖೆಯ ಕೈಯಲ್ಲಿಲ್ಲ.

ಈಗ ಫೆಬ್ರವರಿ ಬಂದರೆ ದಿನಾ ಬೆಳಿಗ್ಗೆ ಎರಡು ನಕ್ಷೆ ನೋಡುತ್ತೇನೆ. ಒಂದು ಮುಂಬಯಿ ಕೇಂದ್ರದ್ದು, ಒಂದು ಬೆಂಗಳೂರಿನದು. ಒಂದರ ಕೆಳಗೆ ಒಂದನ್ನಿಟ್ಟು, ಸೊಲ್ಲಾಪುರಕ್ಕೆ ವಿಜಯಪುರ ಜೋಡಿಸಿ ನೋಡುತ್ತೇನೆ. ಮನೆಯವಳು, "ಮೂವತ್ತು ವರ್ಷ ಆತು ಊರು ಬಿಟ್ಟು, ಇನ್ನೂ ಮುಗಲ ನೋಡೂದು ಬಿಟ್ಟಿಲ್ಲ" ಎನ್ನುತ್ತಾಳೆ. ತಮ್ಮ ನನ್ನನ್ನು ಕೇಳುವುದಿಲ್ಲ, ಅವನಿಗೆ ನನಗಿಂತ ಮೊದಲೇ ಗೊತ್ತಿರುತ್ತದೆ. ಆದರೂ ಗುಡುಗಿದರೆ ಫೋನ್ ಮಾಡುತ್ತೇನೆ. ಅವನು ಎತ್ತಿದ ತಕ್ಷಣ "ಮುಚ್ಚೀನಿ ಅಣ್ಣಾ" ಎನ್ನುತ್ತಾನೆ.

ಅಷ್ಟು ಕೇಳಿದರೆ ಸಾಕು, ನಾನು ಚಹಾ ಕುಡಿದು ಎಂಟರ ಲೋಕಲ್ಲಿಗೆ ಹೊರಡುತ್ತೇನೆ.